ಮಿದುಳಿಲ್ಲದ ಪತಂಗ ಮತ್ತು ಕಳೆದುಹೋದ ಎರಡು ಅಂಕ

ಭೌತವಿಜ್ಞಾನದ ಮೇಷ್ಟ್ರಿಗೆ ಹುಳುಹುಪ್ಪಟೆಗಳ ಉಸಾಬರಿ ಏಕೆ ಎಂದು ಓದುಗರು ಕೇಳಿದರೆ ತಪ್ಪಲ್ಲ. ನನಗೂ ಅದು ಬೇಕಿರಲಿಲ್ಲ. ನಮ್ಮ ಪಕ್ಕದ ಮನೆಯ ಹುಡುಗಿ ಬಿ.ಎಸ್‌ಸಿ.ಯಲ್ಲಿ ಪ್ರಾಣಿವಿಜ್ಞಾನ ಓದುತ್ತಿದ್ದಾಳೆ. ಒಂದು ಸಂಜೆ ಕಿರುಪರೀಕ್ಷೆಯ ಉತ್ತರಪತ್ರಿಕೆ ಹಿಡಿದುಕೊಂಡು ಬಂದಳು. ಪ್ರಶ್ನೆ ಹೀಗಿತ್ತು: "ನರಪೆಪ್ಟೈಡ್ ಹಾರ್ಮೋನುಗಳು ಕೀಟಗಳ ವರ್ತನೆಯನ್ನು ನಿಯಂತ್ರಿಸುತ್ತವೆ ಎಂಬುದನ್ನು ಒಂದು ಪ್ರಯೋಗದ ಮೂಲಕ ವಿವರಿಸಿ." ಐದು ಅಂಕದ ಪ್ರಶ್ನೆ, ಅವಳಿಗೆ ಸಿಕ್ಕಿದ್ದು ಮೂರು. ಅವಳು ಬರೆದಿದ್ದ ಒಂದು ವಾಕ್ಯದ ಕೆಳಗೆ ಕೆಂಪು ಗೆರೆ ಬಿದ್ದಿತ್ತು: "ಮಿದುಳನ್ನು ತೆಗೆದ ಮೇಲೂ ಪತಂಗ ಹೊರಬರುತ್ತದೆ, ಆದರೆ ಹೊತ್ತುಗೊತ್ತಿಲ್ಲದೆ." ಪಕ್ಕದಲ್ಲಿ "ತಪ್ಪು" ಎಂಬ ಷರಾ.

ತರಗತಿಯಲ್ಲಿ ಬರೆಸಿದ್ದ ಟಿಪ್ಪಣಿಯನ್ನೂ ತೋರಿಸಿದಳು. ಅದರಲ್ಲಿ ಇಡೀ ಕಥೆ ನಾಲ್ಕು ಸಾಲಿನಲ್ಲಿ ಮುಗಿದಿತ್ತು. ಮಿದುಳು ಒಂದು ಹಾರ್ಮೋನನ್ನು ಸ್ರವಿಸಿ, ಕೋಶದಿಂದ ಹೊರಬರುವಂತೆ ಪತಂಗಕ್ಕೆ ಆಜ್ಞೆ ಕೊಡುತ್ತದೆ. ಮಿದುಳನ್ನು ತೆಗೆದರೆ ಆಜ್ಞೆ ಇಲ್ಲ, ಆದ್ದರಿಂದ ಪತಂಗ ಹೊರಬರುವುದಿಲ್ಲ. ಬೇರೊಂದು ಮಿದುಳನ್ನು ಕಸಿ ಮಾಡಿದರೆ ಆಜ್ಞೆ ಮರಳಿ ಬರುತ್ತದೆ. ಹಾರ್ಮೋನೇ ವರ್ತನೆಯ ಸ್ವಿಚ್ಚು.

"ಸಾರ್, ಏನೇ ಆದರೂ ಮೂಲ ಪ್ರಯೋಗ ನೋಡಿ ಅಂತ ನೀವೇ ಅಲ್ವಾ ಹೇಳೋದು? ನೋಡಿ ಹೇಳಿ, ನಾನು ಬರೆದದ್ದು ತಪ್ಪಾ?" ಎಂದಳು. ಹೀಗೆ ಸಿಕ್ಕಿಹಾಕಿಕೊಂಡ ಮೇಲೆ ಓದದೆ ವಿಧಿಯಿರಲಿಲ್ಲ. ಈ ಬರಹ ಆ ಪ್ರಯೋಗದ ವಿಮರ್ಶೆ. ಅದಕ್ಕಿಂತ ಹೆಚ್ಚಾಗಿ, ನಾವು ಅದನ್ನು ತರಗತಿಗಳಲ್ಲಿ ಹೇಳಿಕೊಂಡು ಬಂದಿರುವ ರೀತಿಯ ವಿಮರ್ಶೆ.

ಪ್ರಯೋಗ 1970ರದು. ಜೇಮ್ಸ್ ಟ್ರೂಮನ್ ಮತ್ತು ಲಿನ್ ರಿಡಿಫೋರ್ಡ್ ಎಂಬಿಬ್ಬರು ಅದನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇರುವುದು ಮೂರೇ ಪುಟ. ಅವರು ಆರಿಸಿಕೊಂಡದ್ದು ಎರಡು ಜಾತಿಯ ಕಾಡು ರೇಷ್ಮೆ ಪತಂಗಗಳನ್ನು. ಒಂದು ಉತ್ತರ ಅಮೆರಿಕದ ಸೆಕ್ರೋಪಿಯ, ಇನ್ನೊಂದು ಓಕ್ ಎಲೆ ತಿನ್ನುವ ಚೀನದ ಟಸಾರ್ ಪತಂಗವಾದ ಪೆರ್ನ್ಯಿ. ದಿನಕ್ಕೆ 17 ಗಂಟೆ ಬೆಳಕು, 7 ಗಂಟೆ ಕತ್ತಲೆ ಇರುವ ಕೋಣೆಯಲ್ಲಿ ಇವುಗಳ ಕೋಶಗಳನ್ನು ಇಟ್ಟರೆ ಸೆಕ್ರೋಪಿಯ ಬೆಳಕು ಬಂದ ಕೆಲವು ಗಂಟೆಗಳಲ್ಲಿ ಹೊರಬರುತ್ತದೆ. ಪೆರ್ನ್ಯಿ ಮಾತ್ರ ದಿನವೆಲ್ಲ ಕಾದು, ಬೆಳಕು ಆರುವ ಮುಂಚಿನ ಗಂಟೆಗಳಲ್ಲಿ ಹೊರಬರುತ್ತದೆ. ಒಂದು ಬೆಳಗಿನ ಪಾಳಿ, ಇನ್ನೊಂದು ಸಂಜೆಯ ಪಾಳಿ ಎನ್ನೋಣ.

ಈಗ ಕೋಶದೊಳಗಿನ ಜೀವಿಯ ಮಿದುಳನ್ನು ತೆಗೆದು ಅದರ ಹೊಟ್ಟೆಯೊಳಗೆ ಸುಮ್ಮನೆ ಬಿಟ್ಟರು. ಯಾವ ನರದ ಸಂಪರ್ಕವೂ ಇಲ್ಲ. ಆದರೂ ಪತಂಗ ತನ್ನ ಜಾತಿಯ ಹೊತ್ತಿಗೆ ಸರಿಯಾಗಿ ಹೊರಬಂತು. ನರದ ತಂತಿ ಇಲ್ಲದೆ ಸುದ್ದಿ ಹೋಗಬೇಕಾದರೆ ಅದು ರಕ್ತದ ಮೂಲಕವೇ ಹೋಗಬೇಕು. ಮುಂದಿನ ಹೆಜ್ಜೆ ಇನ್ನೂ ಸೊಗಸಾದದ್ದು. ಸೆಕ್ರೋಪಿಯದ ಮಿದುಳನ್ನು ಪೆರ್ನ್ಯಿಯ ಹೊಟ್ಟೆಗೂ ಪೆರ್ನ್ಯಿಯದನ್ನು ಸೆಕ್ರೋಪಿಯದ ಹೊಟ್ಟೆಗೂ ಇಟ್ಟರು. ಪಾಳಿಗಳು ಅದಲುಬದಲಾದವು. ಪತಂಗದ ಮೈ ಯಾವ ಜಾತಿಯದೇ ಇರಲಿ, ಹೊರಬಂದದ್ದು ಮಿದುಳಿನ ಜಾತಿಯ ಹೊತ್ತಿಗೆ.

ಭೌತವಿಜ್ಞಾನದಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರಯೋಗ ಅಪರೂಪವೆಂದು ಹೇಳಲು ನನಗೆ ಸಂಕೋಚವಿಲ್ಲ. ಒಂದನ್ನು ಮಾತ್ರ ಬದಲಿಸು, ಉಳಿದದ್ದನ್ನು ಹಾಗೇ ಇಡು ಎಂಬ ನಿಯಮವನ್ನು ಹುಳುವಿನ ಹೊಟ್ಟೆಯೊಳಗೆ ಪಾಲಿಸಿದ್ದಾರೆ. ಈ ಪ್ರಯೋಗವನ್ನು ಪಠ್ಯಕ್ಕೆ ಆರಿಸಿದವರ ಅಭಿರುಚಿ ಒಳ್ಳೆಯದೇ. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಗುಂಪಿನ ಪತಂಗಗಳಿವೆ. ಅವುಗಳ ಮಿದುಳನ್ನು ತೆಗೆದು ಏನನ್ನೂ ಕಸಿ ಮಾಡಲಿಲ್ಲ. ಟಿಪ್ಪಣಿಯ ಪ್ರಕಾರ ಇವು ಕೋಶದೊಳಗೇ ಉಳಿಯಬೇಕಿತ್ತು. ಉಳಿಯಲಿಲ್ಲ. ಹಗಲೆನ್ನದೆ ರಾತ್ರಿಯೆನ್ನದೆ ಹೊರಬಂದವು. ಹೊರಬರುವ ಮುಂಚಿನ ಅಂಗಚಲನೆಯ ಕ್ರಮ ಕೆಟ್ಟಿತ್ತು, ನಿಜ. ಆದರೆ ಹೊರಬಂದವು.

ಹುಡುಗಿ ಬರೆದದ್ದು ಅಕ್ಷರಶಃ ಸರಿ.

ಈ ಒಂದು ಸಾಲನ್ನು ಬಿಟ್ಟದ್ದರಿಂದ ಕೆಟ್ಟದ್ದೇನು ಎಂದು ಕೇಳಬಹುದು. ಪ್ರಯೋಗದ ಅರ್ಥವೇ ಕೆಟ್ಟಿತು. ಮಿದುಳಿದ್ದರೆ ಹೊತ್ತು ಸರಿಯಿರುತ್ತದೆ, ಇಲ್ಲದಿದ್ದರೆ ಹೊತ್ತು ತಪ್ಪುತ್ತದೆ ಎಂಬುದು ಕಂಡದ್ದು. ಮಿದುಳಿದ್ದರೆ ಕ್ರಿಯೆ ಇದೆ, ಇಲ್ಲದಿದ್ದರೆ ಇಲ್ಲ ಎಂಬುದು ನಾವು ಸೇರಿಸಿದ್ದು. ದೇವಸ್ಥಾನದ ಗಂಟೆ ಬಾರಿಸುವವನು ರಜೆ ಹಾಕಿದರೆ ಜನ ಊಟ ಮಾಡುವುದನ್ನು ಬಿಡುವುದಿಲ್ಲ. ಹೊತ್ತು ಹೆಚ್ಚುಕಡಿಮೆ ಆಗುತ್ತದೆ, ಅಷ್ಟೆ.

ಸ್ವಿಚ್ಚಿನ ಹೋಲಿಕೆಯನ್ನು ಟಿಪ್ಪಣಿ ಬರೆಸಿದವರೇ ಹುಟ್ಟಿಸಿದರು ಎಂದು ಹೇಳಲಾರೆ. ಟ್ರೂಮನ್ ಅವರೇ 1973ರಲ್ಲಿ 'ಅಮೆರಿಕನ್ ಸೈಂಟಿಸ್ಟ್' ಪತ್ರಿಕೆಯಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲಿ ಪತಂಗಗಳನ್ನು 'ಆನ್' ಮಾಡುವ ಮಾತಿದೆ. ಆದರೆ ಅವರು ಸ್ವಿಚ್ಚಿನ ಹಿಂದಿನ ತಂತಿಗಳನ್ನು ಮರೆತವರಲ್ಲ. 1972ರಲ್ಲಿ ಟ್ರೂಮನ್ ಮತ್ತು ಫಿಲಿಪ್ ಸೊಕೊಲೋವ್ ಪತಂಗದ ಹೊಟ್ಟೆಯ ನರಹುರಿಯನ್ನು, ಅಂದರೆ ನರಗಂಟುಗಳ ಸರವನ್ನು, ಇಂದ್ರಿಯಗಳಿಂದಲೂ ಸ್ನಾಯುಗಳಿಂದಲೂ ಬೇರ್ಪಡಿಸಿದರು. ಸೆಕ್ರೋಪಿಯ ಪತಂಗ ಹೊರಬರುವ ಮುಂಚೆ ಸುಮಾರು ಅರ್ಧ ಗಂಟೆ ಹೊಟ್ಟೆಯನ್ನು ತಿರುಗಿಸುತ್ತದೆ, ಸುಮಾರು ಅರ್ಧ ಗಂಟೆ ಸುಮ್ಮನಿರುತ್ತದೆ, ಆಮೇಲೆ ಹಿಂದಿನಿಂದ ಮುಂದಕ್ಕೆ ಅಲೆಯಂತೆ ಸಂಕೋಚಿಸಿ ತನ್ನ ಹಳೆಯ ಪೊರೆಯಿಂದ ಕಳಚಿಕೊಳ್ಳುತ್ತದೆ. ಬೇರ್ಪಡಿಸಿದ ನರಹುರಿಗೆ ಹಾರ್ಮೋನನ್ನು ಕೊಟ್ಟಾಗ ಅಲುಗಾಡಲು ಸ್ನಾಯುವೇ ಇಲ್ಲದಿದ್ದರೂ ನರಗಳ ವಿದ್ಯುತ್ ಮಿಡಿತಗಳು ಇದೇ ಮೂರು ಅಂಕದ ನಾಟಕವನ್ನು ಕ್ರಮವಾಗಿ ಆಡಿ ಮುಗಿಸಿದವು.

ಹಾಗಾದರೆ ನಾಟಕ ಬರೆದಿಟ್ಟದ್ದು ಎಲ್ಲಿ? ಹಾರ್ಮೋನಿನಲ್ಲಂತೂ ಅಲ್ಲ. ನರಪೆಪ್ಟೈಡ್ ಎಂದರೆ ನರಕೋಶಗಳು ತಯಾರಿಸುವ, ಅಮೈನೊ ಆಮ್ಲಗಳ ಒಂದು ಗಿಡ್ಡ ಸರಪಣಿ. ಈ ಹಾರ್ಮೋನಿನ ಹೆಸರು ಎಕ್ಲೋಶನ್ ಹಾರ್ಮೋನು. ನಾವು ನಿರ್ಗಮನ ಹಾರ್ಮೋನು ಎನ್ನೋಣ. 1987ರಲ್ಲಿ ಇದರ ಪೂರ್ಣ ರಚನೆ ತಿಳಿಯಿತು. 62 ಅಮೈನೊ ಆಮ್ಲಗಳು. ಅರವತ್ತೆರಡು ಮಣಿಗಳ ಸರದಲ್ಲಿ ಒಂದು ಗಂಟೆಗೂ ಮೀರಿದ ಅಂಗಚಲನೆಯ ಕ್ರಮ ಅಡಗಿರಲಾರದು. ಅದು ಇರುವುದು ಸ್ವೀಕರಿಸುವ ನರಹುರಿಯಲ್ಲಿ. ಹಾರ್ಮೋನು ಮುಟ್ಟುವುದು ಬಂದೂಕಿನ ಕುದುರೆಯನ್ನು; ಮದ್ದು ತುಂಬಿದವರು ಬೇರೆ, ಗುರಿ ಹಿಡಿದವರು ಬೇರೆ. ಕುದುರೆ ಎಳೆಯುವ ಬಲಕ್ಕೂ ಗುಂಡಿನ ಶಕ್ತಿಗೂ ಯಾವ ಅನುಪಾತವೂ ಇಲ್ಲ ಎಂದು ಭೌತವಿಜ್ಞಾನದ ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಿಲ್ಲ.

ಮದ್ದು ತುಂಬುವ ಕೆಲಸವೂ ಸಣ್ಣದಲ್ಲ. ಪೊರೆ ಕಳಚುವ ಪ್ರತಿಯೊಂದು ಸಲವೂ ಎಕ್ಡೈಸೋನ್ ಎಂಬ ಸ್ಟಿರಾಯ್ಡ್ ರಕ್ತದಲ್ಲಿ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಏರಿದಾಗ ಹೊಸ ಪೊರೆ ಸಿದ್ಧವಾಗುತ್ತದೆ. ಇಳಿದರೆ ಮಾತ್ರ ಹಳೆಯದನ್ನು ಕಳಚುವ ವ್ಯವಸ್ಥೆ ಹದಕ್ಕೆ ಬರುತ್ತದೆ. ತಂಬಾಕಿನ ಕೊಂಬುಹುಳುವಿನ ಪತಂಗಕ್ಕೆ, ಇಳಿಯುವ ಹೊತ್ತಿನಲ್ಲಿ ಇದೇ ಸ್ಟಿರಾಯ್ಡನ್ನು ಚುಚ್ಚಿದರೆ ನಿರ್ಗಮನ ಮುಂದಕ್ಕೆ ಹೋಗುತ್ತದೆ. ಹೆಚ್ಚು ಚುಚ್ಚಿದಷ್ಟೂ ಹೆಚ್ಚು ತಡ. ನಿರ್ಗಮನ ಹಾರ್ಮೋನನ್ನು ತೀರ ಮುಂಚೆ ಕೊಟ್ಟರೆ ಏನೂ ಆಗುವುದಿಲ್ಲ. ಅದೇ ಅಣು, ಅದೇ ಪ್ರಮಾಣ. ಕೆಲವು ಗಂಟೆ ಕಳೆದ ಮೇಲೆ ಕೊಟ್ಟರೆ ಪತಂಗ ಎದ್ದು ಹೊರಡುತ್ತದೆ. ನಮ್ಮ ರೇಷ್ಮೆ ಬೆಳೆಗಾರರು ಹುಳು ಪೊರೆ ಬಿಡುವುದನ್ನು 'ಜ್ವರ' ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವುದಿಲ್ಲ; ಎಲ್ಲ ಹುಳು ಜ್ವರದಿಂದ ಎದ್ದ ಮೇಲೆಯೇ ಹಾಕುತ್ತಾರೆ. ಹುಳು ಇರುವ ಸ್ಥಿತಿಗೆ ತಕ್ಕಂತೆ ಕೆಲಸ ಎಂಬ ಈ ವಿವೇಕ ಚಂದ್ರಿಕೆಯ ಮನೆಯಲ್ಲಿ ಇದೆ, ಆ ಟಿಪ್ಪಣಿಯಲ್ಲಿ ಇಲ್ಲ.

ಕಾಲದ ಮಾತು ಹೊಸದೇನೂ ಅಲ್ಲ. ಪೋಲೆಂಡಿನ ಸ್ಟೆಫಾನ್ ಕೊಪೆಚ್ 1917 ಮತ್ತು 1922ರ ವರದಿಗಳಲ್ಲಿ ಜಿಪ್ಸಿ ಪತಂಗದ ಮರಿಹುಳುವಿನ ಮಿದುಳು ತೆಗೆದ ಪ್ರಯೋಗವನ್ನು ವಿವರಿಸಿದ್ದರು. ಕೊನೆಯ ಹಂತದ ಮೊದಲ ದಿನಗಳಲ್ಲಿ ತೆಗೆದರೆ ಹುಳು ಕೋಶವಾಗುವುದಿಲ್ಲ. ಸುಮಾರು ಹತ್ತು ದಿನ ಕಳೆದ ಮೇಲೆ ತೆಗೆದರೆ ಆಗುತ್ತದೆ. ಮಿದುಳು ರಕ್ತಕ್ಕೆ ಏನನ್ನೋ ಬಿಡುತ್ತದೆ ಎಂಬುದಕ್ಕೆ ಯಾವುದೇ ಪ್ರಾಣಿಯಲ್ಲಿ ಸಿಕ್ಕ ಮೊದಲ ಪುರಾವೆ ಇದು. ಆ ಪುರಾವೆಯಲ್ಲೇ 'ಯಾವಾಗ' ಎಂಬ ಪ್ರಶ್ನೆ ಸೇರಿಕೊಂಡಿತ್ತು.

ಸ್ವೀಕರಿಸುವವನನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಒಂದು ಕಥೆ ಇದೆ. ಹಿರೊನೊರಿ ಇಶಿಝಾಕಿ ಮತ್ತು ಸಂಗಡಿಗರು ಹಿಪ್ಪುನೇರಳೆ ರೇಷ್ಮೆಹುಳುವಿನ ಮಿದುಳಿನಿಂದ, ಎಕ್ಡೈಸೋನ್ ಸ್ರಾವವನ್ನು ಪ್ರಚೋದಿಸುವ ಹಾರ್ಮೋನನ್ನು ಹುಡುಕುತ್ತಿದ್ದರು. ಲಕ್ಷಗಟ್ಟಲೆ ಪತಂಗಗಳ ತಲೆ ಅರೆದು ಶುದ್ಧೀಕರಿಸುವ ಕೆಲಸ. ಪರೀಕ್ಷೆಗೆ ಬಳಸಿದ್ದು ಮಿದುಳು ತೆಗೆದ ಎರಿ ರೇಷ್ಮೆಯ ಕೋಶಗಳನ್ನು. ಸಾರವನ್ನು ಚುಚ್ಚಿದಾಗ ಎರಿ ಕೋಶ ಪತಂಗವಾಗಿ ಬೆಳೆಯತೊಡಗಿತು, ಹಾರ್ಮೋನು ಸಿಕ್ಕಿತೆಂದರು. ಆಮೇಲೆ ಅದನ್ನು ಅದರ ಸ್ವಂತ ಒಡೆಯನಾದ ಹಿಪ್ಪುನೇರಳೆ ಹುಳುವಿಗೇ ಕೊಟ್ಟು ನೋಡಿದರೆ ಪರಿಣಾಮವಿಲ್ಲ! 1984ರಲ್ಲಿ ಆ ಅಣುವಿನ ರಚನೆ ಭಾಗಶಃ ತಿಳಿದಾಗ ಅದು ನಮ್ಮ ಇನ್ಸುಲಿನ್ನಿನ ನೆಂಟ ಎಂದಾಯಿತು. ಅದಕ್ಕೆ ಬೊಂಬಿಕ್ಸಿನ್ ಎಂದು ಬೇರೆ ಹೆಸರಿಟ್ಟರು. ಹುಡುಕುತ್ತಿದ್ದ ಹಾರ್ಮೋನು ಅದಕ್ಕಿಂತ ದೊಡ್ಡ ಇನ್ನೊಂದು ಅಣು. ಅದರ ಪೂರ್ಣ ರಚನೆ ಪ್ರಕಟವಾದದ್ದು 1990ರಲ್ಲಿ. ಇದನ್ನು ಸೋಲಿನ ಕಥೆ ಎಂದು ಓದಬಾರದು. ಆ ತಂಡ ತನ್ನ ತಪ್ಪನ್ನು ತಾನೇ ಹಿಡಿಯಿತು. ನಮ್ಮ ಪುಸ್ತಕಗಳು ಮಾತ್ರ ಇಂಥ ತಪ್ಪುಗಳನ್ನು ಅಳಿಸಿ ಫಲಿತಾಂಶವನ್ನಷ್ಟೇ ಅಚ್ಚು ಹಾಕುತ್ತವೆ.

ಕೊರಾಜೊನಿನ್ ಎಂಬ ಇನ್ನೊಂದು ಪೆಪ್ಟೈಡ್ ಇದೆ, ಹನ್ನೊಂದು ಅಮೈನೊ ಆಮ್ಲಗಳದು. 1989ರಲ್ಲಿ ಜಿರಳೆಯಲ್ಲಿ ಸಿಕ್ಕಾಗ ಅದು ಹೃದಯದ ಬಡಿತ ಹೆಚ್ಚಿಸುವ ವಸ್ತು. ಹೆಸರೂ ಹೃದಯ ಎಂಬ ಅರ್ಥದ ಸ್ಪ್ಯಾನಿಷ್ ಪದದಿಂದ ಬಂದದ್ದು. 1999ರಲ್ಲಿ ಮಿಡತೆಯಲ್ಲಿ, ಒಂದು ಅಮೈನೊ ಆಮ್ಲದ ವ್ಯತ್ಯಾಸದೊಡನೆ, ಮೈ ಕಪ್ಪಾಗಿಸುವ ವಸ್ತುವಾಗಿ ಕಂಡಿತು. 2004ರಲ್ಲಿ ಕೊಂಬುಹುಳುವಿನಲ್ಲಿ ಪೊರೆ ಕಳಚುವ ಸರಣಿಯನ್ನು ಆರಂಭಿಸುವ ವಸ್ತುವಾಯಿತು. ಇದು 'ಯಾವ ಆಜ್ಞೆ' ಎಂದು ಕೇಳಿದರೆ ಉತ್ತರ ಇಲ್ಲ. ಯಾರು ಕೇಳಿಸಿಕೊಂಡರು ಎಂಬುದರ ಮೇಲೆ ಅದು ನಿಂತಿದೆ.

ಇನ್ನು ಆಜ್ಞೆಯ ಕಥೆಗೆ ನಿಜವಾದ ಪೆಟ್ಟು ಬಿದ್ದ ವರ್ಷಕ್ಕೆ ಬರೋಣ. 1996ರಲ್ಲಿ ದುಶಾನ್ ಝಿಟ್ನಾನ್, ಮೈಕೇಲ್ ಆಡಮ್ಸ್ ಮತ್ತು ಸಂಗಡಿಗರು ಕೊಂಬುಹುಳುವಿನಲ್ಲಿ ಮತ್ತೊಂದು ಪೆಪ್ಟೈಡನ್ನು ಕಂಡುಹಿಡಿದರು. 26 ಅಮೈನೊ ಆಮ್ಲಗಳು. ಪೊರೆ ಕಳಚುವಿಕೆಗೆ ಕಿಡಿ ಹಚ್ಚುವ ಹಾರ್ಮೋನು ಎಂದು ಅದರ ಹೆಸರಿನ ಅರ್ಥ, ಚಿಕ್ಕದಾಗಿ ಇ.ಟಿ.ಎಚ್. ಎನ್ನುತ್ತಾರೆ. ಅದನ್ನು ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಹುಳು ಪೊರೆ ಕಳಚುವ ಮುನ್ನಿನ ಚಲನೆಗಳನ್ನು ಆರಂಭಿಸುತ್ತದೆ. ಇದು ಹುಟ್ಟುವುದು ಮಿದುಳಿನಲ್ಲಲ್ಲ, ನರವ್ಯೂಹದಲ್ಲೇ ಅಲ್ಲ. ಹುಳುವಿನ ಎರಡೂ ಮಗ್ಗುಲಲ್ಲಿ ಶ್ವಾಸರಂಧ್ರಗಳ ಬಳಿ, ಶ್ವಾಸನಾಳಗಳಿಗೆ ಅಂಟಿಕೊಂಡ ಪುಟ್ಟ ಗ್ರಂಥಿಗಳಿವೆ. ಅವುಗಳಲ್ಲಿನ ಇಂಕಾ ಕೋಶಗಳು ಇದನ್ನು ತಯಾರಿಸುತ್ತವೆ. ರಾಜಧಾನಿಯಿಂದ ಆಜ್ಞೆ ಬರುತ್ತದೆಂದು ನಂಬಿದ್ದಾಗ, ಊರೂರಿನ ಚಾವಡಿಯಿಂದಲೇ ಡಂಗುರ ಹೊರಟ ಹಾಗೆ.

ಈ ಎರಡು ಹಾರ್ಮೋನುಗಳಲ್ಲಿ ಯಾರು ಯಾರಿಗೆ ಆಜ್ಞೆ ಕೊಡುತ್ತಾರೆ? 1997ರಲ್ಲಿ ಸಿಕ್ಕ ಉತ್ತರ ನನ್ನಂಥವನಿಗೆ ಬಹಳ ಇಷ್ಟವಾಗುವಂಥದ್ದು. ಇಂಕಾ ಕೋಶ ಸ್ವಲ್ಪ ಇ.ಟಿ.ಎಚ್. ಬಿಡುತ್ತದೆ, ಅದು ಮಿದುಳಿನ ಕೋಶಗಳಿಂದ ನಿರ್ಗಮನ ಹಾರ್ಮೋನನ್ನು ಬಿಡಿಸುತ್ತದೆ, ಅದು ಮರಳಿ ಬಂದು ಇಂಕಾ ಕೋಶದಿಂದ ಇನ್ನಷ್ಟು ಇ.ಟಿ.ಎಚ್. ಬಿಡಿಸುತ್ತದೆ. ಹೀಗೆ ಸುತ್ತಿ ಸುತ್ತಿ ಇಂಕಾ ಕೋಶದ ದಾಸ್ತಾನು ಬರಿದಾಗುವವರೆಗೂ ನಡೆಯುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಮೈಕನ್ನು ಧ್ವನಿವರ್ಧಕದ ಎದುರು ಹಿಡಿದಾಗ ಕೇಳುವ ಕಿರುಚು ನೆನಪಿದೆಯಲ್ಲ? ಧ್ವನಿವರ್ಧಕದ ಸದ್ದು ಮೈಕಿಗೆ, ಮೈಕಿನದು ಮತ್ತೆ ಧ್ವನಿವರ್ಧಕಕ್ಕೆ. ಆ ಕಿರುಚಿಗೆ ಕಾರಣ ಮೈಕೋ ಧ್ವನಿವರ್ಧಕವೋ ಎಂದು ಕೇಳುವುದು ಅರ್ಥವಿಲ್ಲದ ಪ್ರಶ್ನೆ. ಕಾರಣ ಆ ಸುತ್ತು. ಇಂಥ ಧನಾತ್ಮಕ ಫೀಡ್‌ಬ್ಯಾಕಿನ ಗುಣವೆಂದರೆ ಹೊಸ್ತಿಲು ದಾಟುವವರೆಗೆ ಏನೂ ಇಲ್ಲ, ದಾಟಿದ ಮೇಲೆ ತಡೆಯಿಲ್ಲ. ಅರ್ಧ ಕಳಚಿದ ಪೊರೆ ಹುಳುವಿನ ಪ್ರಾಣಕ್ಕೆ ಎರವಾಗುತ್ತದೆ. ಆದ್ದರಿಂದ ಪೂರ್ತಿ, ಇಲ್ಲವೇ ಬೇಡ ಎಂಬ ಈ ಏರ್ಪಾಟು ಅದಕ್ಕೆ ತಕ್ಕದ್ದೇ.

ವಿಮರ್ಶೆಗೆ ನಿಜವಾಗಿ ಆಹಾರ ಸಿಗುವುದು ಮಾತ್ರ ಮುಂದಿನ ಅಧ್ಯಾಯದಲ್ಲಿ. ಅದೇ 1997ರಲ್ಲಿ ಸೂಸನ್ ಮೆಕ್ನ್ಯಾಬ್ ಮತ್ತು ಸಂಗಡಿಗರು ಹಣ್ಣುನೊಣದಲ್ಲಿ ನಿರ್ಗಮನ ಹಾರ್ಮೋನು ತಯಾರಿಸುವ ನರಕೋಶಗಳನ್ನು ತಳಿವಿಜ್ಞಾನದ ಕೈಚಳಕದಿಂದ ಕೊಂದರು. ಅಂಥ ಕೋಶಗಳೆಂದು ಆಗ ಗೊತ್ತಿದ್ದದ್ದು ಎರಡೇ ಎರಡು. ಅನೇಕ ನೊಣಗಳು ಸತ್ತವು. ಆದರೆ ಮೂರರಲ್ಲಿ ಒಂದು ಭಾಗ, ತಡವರಿಸಿಕೊಂಡಾದರೂ, ರೆಕ್ಕೆಯ ನೊಣವಾಗಿ ಹೊರಬಂತು. ನಿರ್ಗಮನ ಹಾರ್ಮೋನು ಮುಖ್ಯ, ಆದರೆ ಅನಿವಾರ್ಯವಲ್ಲ ಎಂದು ಲೇಖಕರು ತೀರ್ಮಾನಿಸಿದರು. ಇನ್ನೊಂದು ಅಚ್ಚರಿ: ಈ ನೊಣಗಳು ದಿನದ ಸರಿಯಾದ ಹೊತ್ತಿಗೇ ಹೊರಬಂದವು. ರೇಷ್ಮೆ ಪತಂಗದ ಮಿದುಳು ಹೊತ್ತನ್ನು ಸಾರುವುದು ಈ ಹಾರ್ಮೋನಿನ ಮೂಲಕ ಎಂಬ ಪಾಠವನ್ನು ನೊಣಕ್ಕೆ ಹಾಗೇ ಅಂಟಿಸುವಂತಿಲ್ಲ. ನೊಣದಲ್ಲಿ ಮಿದುಳಿನ ಗಡಿಯಾರ ಎಕ್ಡೈಸೋನ್ ಗ್ರಂಥಿಯ ಗಡಿಯಾರದೊಡನೆ ಬೇರೆ ಪೆಪ್ಟೈಡುಗಳ ಮೂಲಕ ಮಾತಾಡುತ್ತದೆ ಎಂದು 2017ರಲ್ಲಿ ತೋರಿಸಿದರು. ನಮ್ಮ ಪುಸ್ತಕಗಳಲ್ಲಿ ಪತಂಗದ ಹಾರ್ಮೋನಿಗೆ ನೊಣದ ಚಿತ್ರ, ನೊಣದ ಜೀನಿಗೆ ಜಿರಳೆಯ ಚಿತ್ರ ಹಾಕಿ, ಎಲ್ಲದರ ಕೆಳಗೆ 'ಕೀಟ' ಎಂದು ಬರೆದಿರುತ್ತಾರೆ. ಲಕ್ಷಾಂತರ ಪ್ರಭೇದಗಳ ಗುಂಪಿಗೆ ಇಷ್ಟು ಸಲಿಗೆ ಸಲ್ಲದು.

1997ರ ತೀರ್ಮಾನಕ್ಕೆ ತಿರುಗೋಣ. ಹದಿನೆಂಟು ವರ್ಷ ಅದು ನಿಂತಿತು. 2015ರಲ್ಲಿ ಜಾನ್ ಇವರ್ ಅವರ ತಂಡ ಕೋಶಗಳನ್ನು ಮುಟ್ಟದೆ, ನಿರ್ಗಮನ ಹಾರ್ಮೋನಿನ ಜೀನನ್ನೇ ಕೆಡಿಸಿ ನೋಡಿತು. ಈ ಸಲ ಫಲಿತಾಂಶ ಬಲು ಕಠೋರ: ಮರಿಗಳು ಪೊರೆ ಕಳಚಲಾಗದೆ ಲಾರ್ವ ಹಂತದಲ್ಲೇ ಸತ್ತವು. ಹಾರ್ಮೋನು ಮಾಡುವ ಕೋಶಗಳೇ ಇಲ್ಲದಿದ್ದರೆ ಮೂರರಲ್ಲಿ ಒಂದು ಬದುಕುತ್ತದೆ. ಕೋಶಗಳಿದ್ದು ಹಾರ್ಮೋನು ಮಾತ್ರ ಇಲ್ಲದಿದ್ದರೆ ಬದುಕುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಡುಗೆಯವನೂ ಇಲ್ಲ ಅಡುಗೆಯೂ ಇಲ್ಲ ಎಂದಾಗ ಮನೆಯವರು ಬದುಕಿ, ಅಡುಗೆಯವನಿದ್ದು ಅಡುಗೆ ಇಲ್ಲದಾಗ ಸತ್ತಂತೆ! ಎರಡೂ ಪ್ರಯೋಗ ಶುದ್ಧವಾಗಿಯೇ ಇವೆ. ಹಾಗಾದರೆ ಎಡವಟ್ಟು ಎಲ್ಲಿ?

ಓದುಗರು ಇಲ್ಲಿ ಒಂದು ಕ್ಷಣ ನಿಂತು ತಾವೇ ಯೋಚಿಸಲಿ. ನಾನು ಇದನ್ನು ಎಂ.ಎಸ್‌ಸಿ. ಭೌತವಿಜ್ಞಾನದ ವಿದ್ಯಾರ್ಥಿಗಳ ಮುಂದಿಟ್ಟಾಗ ಹಿಂದಿನ ಬೆಂಚಿನ ಒಬ್ಬ, "ಬೇರೆ ಕಡೆ ಇನ್ನೊಬ್ಬ ಅಡುಗೆಯವನು ಇರಬೇಕು ಸಾರ್" ಎಂದ. ಸರಿಯಾಗಿಯೇ ಹೇಳಿದ. 2020ರಲ್ಲಿ ಪ್ರಕಟವಾದ ಕೆಲಸ ತೋರಿಸಿದ್ದೂ ಅದನ್ನೇ. ಹೆಚ್ಚು ಸೂಕ್ಷ್ಮವಾದ ಪತ್ತೆಯ ಸಾಧನಗಳಿಂದ ನೋಡಿದಾಗ ಆ ಜೀನು ಎರಡೇ ಕೋಶಗಳಲ್ಲಲ್ಲ, ನರವ್ಯೂಹದ ಬೇರೆ ಕೋಶಗಳಲ್ಲೂ ಶ್ವಾಸನಾಳದಂಥ ನರವಲ್ಲದ ಅಂಗಾಂಶಗಳಲ್ಲೂ ಕೆಲಸ ಮಾಡುತ್ತಿತ್ತು. ಇವೆಲ್ಲವನ್ನೂ ಕೊಂದಾಗ ಜೀನು ಕೆಡಿಸಿದ್ದಕ್ಕೆ ಬಹುಮಟ್ಟಿಗೆ ಹೊಂದುವ ಫಲಿತಾಂಶವೇ ಬಂತು. ಅಂದರೆ 1997ರ ತೀರ್ಮಾನದಲ್ಲಿ ತರ್ಕ ತಪ್ಪಿರಲಿಲ್ಲ. ತಪ್ಪಿದ್ದು ಅದರೊಳಗೆ ಸದ್ದಿಲ್ಲದೆ ಕೂತಿದ್ದ ಒಂದು ಗ್ರಹಿಕೆ: ನಮಗೆ ಕಂಡ ಎರಡು ಕೋಶಗಳೇ ಇರುವ ಎಲ್ಲ ಕೋಶಗಳು ಎಂಬುದು. ಉಪಕರಣದ ಸಂವೇದನೆಗೆ ಸಿಗದದ್ದನ್ನು ಸೊನ್ನೆ ಎಂದು ಬರೆಯಬಾರದೆಂದು ನಾವು ಪಿ.ಯು.ಸಿ. ಪ್ರಯೋಗಾಲಯದಲ್ಲೇ ಹೇಳಿಕೊಡುತ್ತೇವೆ. ಪಾಲಿಸುವುದು ಕಷ್ಟ.

ಕೋಶವನ್ನು ತೆಗೆಯುವುದು ಬೇರೆ, ಅಣುವನ್ನು ತೆಗೆಯುವುದು ಬೇರೆ ಎಂಬ ಈ ಪಾಠಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ. ಸಿ.ಸಿ.ಎ.ಪಿ. ಎಂಬ ಪೆಪ್ಟೈಡ್ ಮೊದಲು ಸಿಕ್ಕಿದ್ದು ಏಡಿಯಲ್ಲಿ. ಕೀಟಗಳಲ್ಲಿ ಪೊರೆ ಕಳಚುವ ಅಂತಿಮ ಚಲನೆಗೆ ಅದೇ ಕಾರಣ ಎಂದಿದ್ದರು. 2003ರಲ್ಲಿ ಹಣ್ಣುನೊಣದಲ್ಲಿ ಅದರ ನರಕೋಶಗಳನ್ನು ಕೊಂದಾಗ ಕೋಶಾವಸ್ಥೆಗೆ ಹೋಗುವ ಹೆಜ್ಜೆ ಕೆಟ್ಟಿತು. ಕಥೆ ಖಚಿತವಾಯಿತು ಎಂದುಕೊಂಡರು. 2012ರಲ್ಲಿ ಆ ಪೆಪ್ಟೈಡಿನ ಜೀನನ್ನು ಮಾತ್ರ ತೆಗೆದರೆ ನೊಣಕ್ಕೆ ಹೇಳಿಕೊಳ್ಳುವಂಥ ತೊಂದರೆಯೇ ಆಗಲಿಲ್ಲ. ಅವೇ ನರಕೋಶಗಳಲ್ಲಿ ಕೆಲವು ಬರ್ಸಿಕಾನ್ ಎಂಬ ಇನ್ನೊಂದು ಹಾರ್ಮೋನನ್ನೂ ತಯಾರಿಸುತ್ತವೆ. ಎರಡನ್ನೂ ತೆಗೆದಾಗಲೇ ದೊಡ್ಡ ಪೆಟ್ಟು ಬಿದ್ದದ್ದು. ಒಂದು ಹಾರ್ಮೋನು, ಒಂದು ಕೆಲಸ ಎಂದು ಪಟ್ಟಿ ಬರೆಸುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಬರ್ಸಿಕಾನಿನ ಹೆಸರು ಬಂದದ್ದರಿಂದ ಒಂದು ಮಾತು. ಹೊರಬಂದ ಮೇಲೆ ಮೈಯ ಹೊದಿಕೆಯನ್ನು ಗಟ್ಟಿ ಮಾಡುವುದು ಅದರ ಕೆಲಸ. ಮಣ್ಣಿನೊಳಗೆ ಹುಟ್ಟುವ ಮಾಂಸದ ನೊಣ ಮಣ್ಣು ತೋಡುತ್ತ ಮೇಲೆ ಬರುವಷ್ಟು ಹೊತ್ತೂ ಅದರ ಮೈ ಮೆತ್ತಗೇ ಇರುತ್ತದೆ. ತೋಡುವುದು ನಿಂತ ಮೇಲೆ ಹಾರ್ಮೋನು ರಕ್ತಕ್ಕೆ ಬರುತ್ತದೆ. 1962ರಿಂದಲೇ ತಿಳಿದ ಸಂಗತಿ ಇದು. ಹಾರ್ಮೋನು ವರ್ತನೆಯನ್ನು ನಿಯಂತ್ರಿಸುತ್ತದೆ ಎಂದು ಬರೆಸುವಾಗ, ವರ್ತನೆಯೂ ಹಾರ್ಮೋನನ್ನು ತಡೆದು ನಿಲ್ಲಿಸುತ್ತದೆ ಎಂದು ಅದೇ ಉಸಿರಿನಲ್ಲಿ ಹೇಳಬೇಕಲ್ಲವೆ?

ನನ್ನ ಒಬ್ಬ ಪ್ರಾಣಿವಿಜ್ಞಾನದ ಗೆಳೆಯರು ಇದನ್ನೆಲ್ಲ ಕೇಳಿ ಸ್ವಲ್ಪ ಬೇಸರದಿಂದಲೇ ಹೇಳಿದರು: "ನಿಮಗೇನು, ಘರ್ಷಣೆ ಇಲ್ಲದ ಮೇಲ್ಮೈ ಅಂತ ಸುಳ್ಳು ಹೇಳಿಯೇ ಪಾಠ ಶುರು ಮಾಡ್ತೀರಿ. ನಾವು ಸ್ವಿಚ್ಚು ಅಂದ್ರೆ ಮಾತ್ರ ತಪ್ಪಾ? ಒಂದು ಸೆಮಿಸ್ಟರಿನಲ್ಲಿ ಎಷ್ಟು ಅಂತ ಹೇಳೋಣ?" ಮಾತಿನಲ್ಲಿ ನ್ಯಾಯವಿದೆ. ಸರಳೀಕರಣ ಇಲ್ಲದೆ ಯಾವ ವಿಜ್ಞಾನವೂ ಇಲ್ಲ. ನನ್ನ ತಕರಾರು ಸರಳೀಕರಣದ ಮೇಲಲ್ಲ. ಘರ್ಷಣೆಯನ್ನು ಬಿಟ್ಟೆವು ಎಂದು ನಾವು ಹೇಳಿಯೇ ಬಿಡುತ್ತೇವೆ. ಘರ್ಷಣೆ ಇದೆ ಎಂದು ಬರೆದ ಹುಡುಗನ ಅಂಕ ಕೀಳುವುದಿಲ್ಲ. ಇಲ್ಲಿ ಬಿಟ್ಟದ್ದು ಪ್ರಯೋಗದ ನಿಯಂತ್ರಣ ಗುಂಪನ್ನು, ಅದೂ ಹೇಳದೆ. ಅದನ್ನು ಉಳಿಸಿಕೊಳ್ಳಲು ಹೆಚ್ಚು ಸಮಯ ಬೇಕಿಲ್ಲ. ಹುಡುಗಿ ಒಂದು ವಾಕ್ಯದಲ್ಲಿ ಬರೆದಿದ್ದಳು.

ಅವಳ ಅಧ್ಯಾಪಕರಿಗೆ ಪ್ರಬಂಧದ ಪ್ರತಿಯನ್ನು ಕಳಿಸಿದೆವು. ಓದಿದರಂತೆ. ಒಂದು ಅಂಕ ಸೇರಿಸಿದರು. ಇನ್ನೊಂದನ್ನು, ಹಾರ್ಮೋನಿನ ಪೂರ್ಣ ಹೆಸರು ಬರೆದಿಲ್ಲವೆಂದು ಹಿಡಿದುಕೊಂಡರು.

ಅವಳು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಮುಂದಿನ ಭಾನುವಾರ ಮತ್ತೆ ಬಂದಳು. "ಸಾರ್, 1970ರಲ್ಲಿ ಮಿದುಳು ತೆಗೆದರೂ ಹೊರಬಂತಲ್ಲ ಆ ಪತಂಗ, ಅದನ್ನು ತಳ್ಳಿದ್ದು ಯಾವುದು ಹಾಗಾದರೆ? ಇಂಕಾ ಕೋಶ ಅದರ ಮೈಯಲ್ಲೇ ಉಳಿದಿತ್ತಲ್ವಾ?" ಉಳಿದಿತ್ತು. ಮಿದುಳು ತೆಗೆಯುವ ಕತ್ತರಿ ಶ್ವಾಸರಂಧ್ರಗಳ ಕಡೆ ಹೋಗಿರಲಿಲ್ಲ. ಅಲ್ಲಿ ಅಂಥ ಕೋಶಗಳಿವೆ ಎಂದು ತಿಳಿಯಲು ಇನ್ನೂ 26 ವರ್ಷ ಬೇಕಿತ್ತು. ಈಗ ಅವಳು, ಇಂಕಾ ಕೋಶವಿರುವ ಗ್ರಂಥಿಗಳನ್ನು ಮೊದಲೇ ತೆಗೆದು, ಆಮೇಲೆ ಮಿದುಳನ್ನೂ ತೆಗೆದರೆ ಏನಾಗಬಹುದು ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯುತ್ತ ಕೂತಿದ್ದಾಳೆ.